ಗರಿಕೆಯ ಕರ್ತೃತ್ವ

ಬೆಂಗಳೂರಿನ ಜಯನಗರದ ರಾಗಿಗುಡ್ಡದ ಬುಡದಲ್ಲಿ, ಗುದ್ದಲಿ ಇಳಿಸಿದರೆ ಕಲ್ಲಿಗೆ ತಾಗುವಂಥ ಒಣನೆಲದಲ್ಲಿ, ಗಿಣ್ಣುಗಿಣ್ಣಿಗೂ ಬೇರೂರುತ್ತ ಹಬ್ಬುವ ಗರಿಕೆಯನ್ನು ಕಂಡಾಗಲೆಲ್ಲ, ಬೆಳೆಸುವವನು ಯಾರೆಂಬ ಪ್ರಶ್ನೆ ನನ್ನನ್ನು ಕಾಡುವುದುಂಟು. ಗಣಪತಿಗೆ 21 ಕುಡಿಗಳನ್ನು ಏರಿಸಬೇಕೆಂಬ ಶ್ರದ್ಧೆಯಿಂದ ಅದನ್ನು ನೆರಳಿನಲ್ಲಿಟ್ಟು ಲಾಲಿಸಿದರೆ ಬಡಕಲಾಗಿ ಸೊರಗುವುದು. ಗರಸುಮಣ್ಣಿನಲ್ಲಿ ನೆಟ್ಟು, ಬಿಸಿಲಿಗೊಡ್ಡಿ, ಬೇರು ಹಿಡಿಯುವವರೆಗೆ ಮಾತ್ರ ನೀರೆರೆದು ಸುಮ್ಮನಿದ್ದರೆ, ಬೇಸಗೆಯಲ್ಲಿ ಸತ್ತಂತೆ ತೋರಿಯೂ ಮೊದಲ ಮಳೆಗೆ ನೆಲದೊಳಗಣ ಕಾಂಡದಿಂದ ಮರಳಿ ಚಿಗುರುವುದು. ಹಾಗಾದರೆ ಮನುಷ್ಯಪ್ರಯತ್ನವು ವ್ಯರ್ಥವೇ? ಖಂಡಿತ ಅಲ್ಲ. ಕರ್ಮವನ್ನು ಆಚರಿಸಿ ಕರ್ತೃತ್ವಾಭಿಮಾನವನ್ನು ತ್ಯಜಿಸೆಂಬ ಗೀತೆಯ ಬೋಧೆಯನ್ನು ನಾನು ಮನಗಂಡದ್ದು, ವ್ಯಾಖ್ಯಾನಗಳಿಗಿಂತ ಹೆಚ್ಚಾಗಿ, ಈ ಹುಲ್ಲಿನಿಂದಲೇ. ಚೌತಿಯಂದು ಗಾಂಧಿ ಬಜಾರಿನಲ್ಲಿ ಕೊಳ್ಳುವ ಗರಿಕೆಯ ಕಟ್ಟನ್ನು ಹೀನವೆನ್ನಲಾರೆ. ಆದರೆ ತಾನೇ ನೆಟ್ಟು ಕಾದವನ ಅರ್ಪಣೆಯಲ್ಲಿ, ‘ನಾನು ಬೆಳೆಸಿದೆ’ ಎಂಬ ಭಾವವು ಕರಗಲು ಹೆಚ್ಚು ಅವಕಾಶವುಂಟು.