ಹಕ್ಕಿ ಕಾಯುವುದೆಂದರೆ

ಗಡಿನಾಡಿನ ನಮ್ಮ ಸಾಹಿತ್ಯಕೂಟಗಳಲ್ಲಿ ಭಾಷೆಯ ಅಳಿವು ಉಳಿವಿನ ಮಾತು ಬಾರದ ವರ್ಷವಿಲ್ಲ. ಕನ್ನಡ ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕ ಇವುಗಳ ಚಿಂತೆ ನ್ಯಾಯವಾದದ್ದೇ. ಈ ಸಲ ನಾವು ಅದರ ಜೊತೆಗೆ ಇನ್ನೊಂದು ಅಳಿವು ಉಳಿವಿನ ಪ್ರಶ್ನೆಯನ್ನು ಓದುಗರ ಮುಂದಿಡಬಯಸುತ್ತೇವೆ. ರಾಯದುರ್ಗದ ಎರೆಹೊಲಗಳಲ್ಲಿ, ಮಡಕಶಿರದ ಕೆರೆಯಂಗಳಗಳಲ್ಲಿ ನಮ್ಮೊಡನೆ ಬದುಕುತ್ತಿರುವ ಹಕ್ಕಿ ಮತ್ತು ಹುಳುಹುಪ್ಪಟೆಗಳಿಗೆ ನಾವು ಏನಾದರೂ ಋಣಿಗಳೇ? ಋಣಿಗಳಾದರೆ ಆ ಋಣವನ್ನು ತೀರಿಸಬೇಕಾದವರು ಯಾರು?

ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ. ಚಳಿಗಾಲದ ಭಾನುವಾರಗಳಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಊರಾಚೆ ನಡೆದು, ಕಂಡ ಹಕ್ಕಿಗಳ ಹೆಸರನ್ನು ಬರೆದಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಕೆಲವರಿಗಿದೆ. ಪುಷ್ಯದ ಒಂದು ಬೆಳಗ್ಗೆ ಕಾಳುಗಟ್ಟಿದ ಜೋಳದ ಹೊಲದ ಬದುವಿನಲ್ಲಿ ನಿಂತಿದ್ದೆವು. ಕಬ್ಬಕ್ಕಿಗಳ ದೊಡ್ಡ ಹಿಂಡೊಂದು ಮೋಡದಂತೆ ತಿರುಗಿ ತೆನೆಗಳ ಮೇಲೆ ಇಳಿಯಿತು. ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ಮಕ್ಕಳು ಸಂತೋಷದಿಂದ ಕೂಗಿದರು. ಅದೇ ಗಳಿಗೆಗೆ ಅಟ್ಟಣಿಗೆಯ ಮೇಲಿನಿಂದ ತಗಡಿನ ಡಬ್ಬದ ಸದ್ದು ಕೇಳಿತು, ಕವಣೆಯ ಕಲ್ಲೊಂದು ಹಾರಿತು, ಹಿಂಡು ಎದ್ದಿತು. ಹೊಲದ ಯಜಮಾನ ಕೆಳಗಿಳಿದು ಬಂದು, ಸಿಟ್ಟಿಲ್ಲದ ದನಿಯಲ್ಲಿ, "ನೀವು ಹಕ್ಕಿ ನೋಡೋಕೆ ಬಂದೀರಿ ಮೇಷ್ಟ್ರೇ, ನಾನು ಹಕ್ಕಿ ಕಾಯೋಕೆ ಬಂದೀನಿ" ಎಂದ.

ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ನಮ್ಮ ರೈತನ ಬಾಯಲ್ಲಿ ಹಕ್ಕಿ ಕಾಯುವುದೆಂದರೆ ಹಕ್ಕಿಯಿಂದ ಬೆಳೆಯನ್ನು ಕಾಯುವುದು. ನಮ್ಮಂಥವರು ಸಭೆಗಳಲ್ಲಿ ಹೇಳುವ ಹಕ್ಕಿ ಕಾಯುವುದು ಹಕ್ಕಿಯನ್ನೇ ಕಾಪಾಡುವುದು. ಕಾಯು ಎಂಬ ಒಂದೇ ಧಾತುವಿನಲ್ಲಿ ಓಡಿಸುವ ಕೆಲಸವೂ ಉಳಿಸುವ ಕೆಲಸವೂ ಅಡಗಿವೆ. ಬರವಿಗಾಗಿ ಎದುರುನೋಡುವ ತಾಳ್ಮೆಯೂ ಅಡಗಿದೆ. ನಷ್ಟ ಅನುಭವಿಸುವವನಿಗೆ, ಕೇವಲ ಆನಂದ ಅನುಭವಿಸುವವನು ಅಹಿಂಸೆಯನ್ನು ಬೋಧಿಸಬಹುದೇ? ನಾವು ಎದುರಿಸಬೇಕಾದ ನೈತಿಕ ಪ್ರಶ್ನೆ ಇದು.

ಸುಲಭವಾದ ಉತ್ತರವೊಂದುಂಟು: ಹಕ್ಕಿಗಳು ಕೀಟಗಳನ್ನು ತಿಂದು ರೈತನಿಗೆ ಉಪಕಾರ ಮಾಡುತ್ತವೆ, ಆದ್ದರಿಂದ ಅವನು ಅವನ್ನು ಕಾಪಾಡಬೇಕು. ಕಾಜಾಣ, ಗೊರವಂಕ, ಬೆಳ್ಳಕ್ಕಿಗಳ ವಿಷಯದಲ್ಲಿ ಇದು ನಿಜ. ಆದರೆ ಕಬ್ಬಕ್ಕಿಯ ಲೆಕ್ಕ ಅಷ್ಟು ಸರಳವಲ್ಲ. ಅದು ಚಳಿಗಾಲಕ್ಕೆ ಮಾತ್ರ ನಮ್ಮಲ್ಲಿಗೆ ಬರುವ ಅತಿಥಿ. ಮರಿ ಮಾಡುವುದು ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ. ಅಲ್ಲಿ ಅದು ಮಿಡತೆಗಳನ್ನು ತಿಂದು ಬದುಕುವುದರಿಂದ, ಚೀನದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಜನ ಅದಕ್ಕಾಗಿ ಕಲ್ಲಿನ ಗೂಡುಗಳನ್ನೇ ಕಟ್ಟಿಕೊಟ್ಟಿದ್ದಾರೆ. ಇಲ್ಲಿ ಜೋಳದ ಕಳ್ಳ, ಅಲ್ಲಿ ಹುಲ್ಲುಗಾವಲಿನ ಕಾವಲುಗಾರ. ಒಬ್ಬನಿಗಾದ ನಷ್ಟ ಎಲ್ಲೋ ದೂರದ ಇನ್ನೊಬ್ಬನಿಗೆ ಲಾಭವಾಗುವಾಗ, ಉಪಕಾರದ ಲೆಕ್ಕವೊಂದನ್ನೇ ತೋರಿಸಿ ನಮ್ಮ ರೈತನನ್ನು ಒಪ್ಪಿಸಲಾಗದು. ಬೇರೆ ನ್ಯಾಯ ಬೇಕು.

ಆ ನ್ಯಾಯದ ಒಂದು ಮಾದರಿ ನಮ್ಮ ನೆರೆಯಲ್ಲೇ ಇದೆ. ಹಿಂದೂಪುರಕ್ಕೆ ಹತ್ತಿರದ, ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು, ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಊರಿನವರು ಅವನ್ನು ಮನೆಗೆ ಬಂದ ನೆಂಟರೆಂದು ನಡೆಸಿಕೊಳ್ಳುತ್ತಾರೆ. ಅವು ಬಂದರೆ ಮಳೆಬೆಳೆ ಚೆನ್ನಾಗುವುದೆಂದು ನಂಬುತ್ತಾರೆ. ಯಾರೂ ಕಲ್ಲೆಸೆಯಲು ಬಿಡುವುದಿಲ್ಲ. ಹಿಕ್ಕೆಯ ನಾತ, ಮರಿಗಳ ಗದ್ದಲ, ಗೂಡಿರುವ ಕೊಂಬೆಯ ಹುಣಸೆಕಾಯಿಯ ನಷ್ಟ, ಎಲ್ಲವನ್ನೂ ಸಹಿಸುವವರು ಅವರೇ. ನೋಡಿ ನಲಿದು ಸಂಜೆಯ ಬಸ್ಸಿಗೆ ಹೊರಡುವವರು ನಾವು.

ಕರ್ನಾಟಕದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದೂ ಇಂಥದೇ ಕಥೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿವೆ. ಮರದಡಿಯ ಹಿಕ್ಕೆಯನ್ನು ಊರವರು ಗೊಬ್ಬರವಾಗಿ ಬಳಸಿದರು. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡತೊಡಗಿತು. ಊರಿನ ತರುಣರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿ ಪ್ರೀತಿ ಮೊದಲು ಬಂದಿತು, ಕಾನೂನು ಆಮೇಲೆ ಬಂದಿತು. ನಷ್ಟದ ಒಂದು ಪಾಲನ್ನು ಹೊರಗಿನವರೂ ಹೊತ್ತರು.

ಇದಕ್ಕೆದುರಾಗಿ ಕರ್ನೂಲು ಸೀಮೆಯ ರೊಳ್ಳಪಾಡನ್ನು ನೆನೆಯಬೇಕು. ಎರ್ಲಡ್ಡು ಹಕ್ಕಿಗಾಗಿ 1988ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಕಾವಲು ಬಿಗಿಯಾದಂತೆ ಕೃಷ್ಣಮೃಗಗಳು ಹೆಚ್ಚಿದವು, ಸುತ್ತಲಿನ ಬೆಳೆಗೆ ನುಗ್ಗಿದವು, ರೈತರ ಮನಸ್ಸು ಕಹಿಯಾಯಿತು. ಸುತ್ತಲ ಹುಲ್ಲುಬಯಲು ಸಾಗುವಳಿಗೆ ಬಂದದ್ದೂ ಸೇರಿ ಕಾರಣಗಳು ಹಲವಿದ್ದವು. ಇಂದು ಅಲ್ಲಿ ಆ ಹಕ್ಕಿ ಕಾಣುವುದೇ ಇಲ್ಲವೆನ್ನಬೇಕು. ಬೇಲಿಯೊಳಗಿನ ಜೀವಕ್ಕೆ ಬೇಲಿಯಾಚೆಯ ಮನುಷ್ಯನ ಒಪ್ಪಿಗೆ ಇಲ್ಲದಿದ್ದರೆ ಬೇಲಿ ಕಾಯಲಾರದು.

ಇಷ್ಟರಿಂದ ನಾವು ಒಂದು ಮಾತನ್ನು ಹೇಳಬಹುದು. ಹಕ್ಕಿಯ ಚೆಲುವು ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ, ಆದರೆ ಅದರ ಬೆಲೆಯನ್ನು ಯಾರೋ ತೆರುತ್ತಿರುತ್ತಾರೆ. ನೋಟದಿಂದ ಆನಂದ ಪಡೆದವನು ಆ ಬೆಲೆಯಲ್ಲಿ ಪಾಲು ಕೊಡಬೇಕಾದವನು. ಹಿರಿಯರು ಹೇಳಿದ ಭೂತಯಜ್ಞದ ಆಶಯವೂ ಇದಕ್ಕೆ ದೂರವಲ್ಲ: ತಾನುಣ್ಣುವ ಮೊದಲು ಪ್ರಾಣಿಪಕ್ಷಿಗಳಿಗೊಂದು ತುತ್ತು ತೆಗೆದಿಡುವವನು ದಾನ ಮಾಡುವುದಿಲ್ಲ, ಸಾಲ ತೀರಿಸುತ್ತಾನೆ.

ಆನಂದದಲ್ಲೇ ಅಪಾಯವಿರುವುದೂ ಉಂಟು. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಅವಿಭಜಿತ ಆಂಧ್ರಪ್ರದೇಶಕ್ಕೂ ಅದೇ ಆಗಿತ್ತು. 2018ರಲ್ಲಿ ಆಂಧ್ರ ಗಿಣಿಯನ್ನು ಆರಿಸಿಕೊಂಡಿತು. ಹೀಗಾಗಿ ನಮ್ಮೂರ ತಂತಿಯ ಮೇಲೆ ಕುಳಿತ ನೀಲಕಂಠ, ಒಂದು ಹಾರಿಗೆ ಗಡಿ ದಾಟಿದರೆ ರಾಜ್ಯಪಕ್ಷಿಯಾಗುತ್ತದೆ, ಮರಳಿದರೆ ಬರಿಯ ಹಕ್ಕಿಯಾಗುತ್ತದೆ. ತೆಲುಗರು ಅದನ್ನು ಪಾಲಪಿಟ್ಟ ಎನ್ನುತ್ತಾರೆ. ವಿಜಯದಶಮಿಯಂದು ಅದರ ದರ್ಶನವಾದರೆ ಶುಭವೆಂದು ನಂಬುತ್ತಾರೆ. ಹೊಲದಲ್ಲಿ ಹುಡುಕಿಕೊಂಡು ಹೋಗಿ ಕಂಡು ಕೈಮುಗಿಯುವ ಆ ಆಚಾರ ಎಷ್ಟು ಸೊಗಸಾದದ್ದು! ಆದರೆ ನಡೆಯುವ ಶ್ರಮ ಬೇಡವಾದಾಗ, ಹಕ್ಕಿಯನ್ನು ಹಿಡಿದು, ಕಟ್ಟಿ, ಕಾಸಿಗೆ ದರ್ಶನ ಮಾಡಿಸುವವರು ಹುಟ್ಟಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಹಿಡಿಯುವ ಬಡವನನ್ನು ದೂರುವುದು ಸುಲಭ. ಕಾಸು ಕೊಡುವ ಭಕ್ತನಿಂದಲೇ ಆ ಬಲೆ ಹೆಣೆಯಲ್ಪಟ್ಟದ್ದು. ಚಿತ್ರಕ್ಕಾಗಿ ಗೂಡಿನ ಬಾಯಿಗೇ ಮೊಬೈಲು ಹಿಡಿಯುವ ನಮ್ಮಲ್ಲೂ ಆ ಭಕ್ತನ ಅಂಶವಿದೆ. ಕಾಣುವುದಕ್ಕೆ ತಾಳ್ಮೆ ಬೇಕು. ತಾಳ್ಮೆ ಇಲ್ಲದ ಪ್ರೀತಿ ಬಲೆಯಾಗುತ್ತದೆ.

ಹಕ್ಕಿಗಿಂತ ಹುಳುವಿನ ವಿಷಯದಲ್ಲಿ ನಮ್ಮ ಪರೀಕ್ಷೆ ಕಠಿಣ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಶೇಂಗಾ ನಂಬಿ ಬದುಕುವ ಮನೆಗಳು ಅಸಂಖ್ಯ. ಮುಂಗಾರಿನ ಮೊದಲ ಹದಮಳೆಗೆ, ನೆಲದೊಳಗೆ ಕೋಶವಾಗಿ ಮಲಗಿದ್ದ ಕಂಬಳಿಹುಳುವಿನ ಪತಂಗಗಳು ಒಟ್ಟಿಗೆ ಎದ್ದು ಮೊಟ್ಟೆಯಿಡುತ್ತವೆ. ಕೆಲವೇ ದಿನಗಳಲ್ಲಿ ಮರಿಹುಳುಗಳು ದಂಡು ಕಟ್ಟಿ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ಹಾದುಹೋದಲ್ಲಿ ಎಲೆ ಉಳಿಯದು. ಚಿಟ್ಟೆಯ ಚಂದವನ್ನು ಮಕ್ಕಳಿಗೆ ತೋರಿಸುವ ನಾವು, ಬೆಳೆ ಕಳೆದುಕೊಂಡ ಮನೆಯ ಮಗುವಿಗೆ ಈ ಹುಳುವಿನ ಬಗ್ಗೆ ಏನು ಹೇಳಬೇಕು?

ನಮ್ಮ ಹಳ್ಳಿಗಳು ಕಂಡುಕೊಂಡ ಉಪಾಯಗಳನ್ನೇ ಹೇಳಬೇಕು. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಕೋಶಗಳು ಮೇಲೆ ಬೀಳುತ್ತವೆ. ನೇಗಿಲ ಹಿಂದೆಯೇ ನಡೆಯುವ ಗೊರವಂಕ, ಬೆಳ್ಳಕ್ಕಿಗಳು ಅವನ್ನು ಹೆಕ್ಕುತ್ತವೆ. ಮೊದಲ ಮಳೆಯ ನಂತರದ ರಾತ್ರಿಗಳಲ್ಲಿ ಬದುಗಳ ಮೇಲೆ ಬೆಂಕಿ ಹಾಕಿದರೆ ಪತಂಗಗಳು ಬಂದು ಬೀಳುತ್ತವೆ. ಒಬ್ಬನೇ ಹಾಕಿದ ಬೆಂಕಿಯಿಂದ ಪ್ರಯೋಜನ ಕಡಿಮೆ. ಊರಿಗೆ ಊರೇ ಒಂದಾಗಬೇಕು. ಇದು ಅಹಿಂಸೆಯೆಂದು ನಾವು ನಟಿಸುವುದಿಲ್ಲ. ಆ ಬೆಂಕಿಗೆ ನಿರಪರಾಧಿ ಪತಂಗಗಳೂ ಬೀಳುತ್ತವೆ. ಆದರೂ ಯಾವುದನ್ನು, ಯಾವಾಗ, ಏಕೆ ಕೊಲ್ಲುತ್ತಿದ್ದೇವೆಂದು ತಿಳಿದು ಕೆಲವು ರಾತ್ರಿಗೆ ನಿಲ್ಲಿಸುವ ಕೊಲೆಗೂ, ಡಬ್ಬದ ವಿಷವನ್ನು ಸಿಂಪಡಿಸಿ ಜೇನು, ಗುಲಗಂಜಿ ಹುಳು, ಜೇಡ, ಅವನ್ನು ತಿಂದ ಹಕ್ಕಿ, ಎಲ್ಲವನ್ನೂ ಒಂದೇ ಸಮನೆ ಇಲ್ಲವಾಗಿಸುವ ಕೊಲೆಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಜ್ಞಾನ ಬೇಕು, ನೆರೆಯವನ ಜೊತೆ ಬೇಕು. ಎರಡನೆಯದಕ್ಕೆ ಎರಡೂ ಬೇಡ. ಹಿಂಸೆಯಿಲ್ಲದ ಬೇಸಾಯ ಮನುಷ್ಯನಿಗೆ ಸಾಧ್ಯವಿಲ್ಲ. ಕುರುಡಲ್ಲದ ಬೇಸಾಯ ಸಾಧ್ಯ.

ಈ ಜ್ಞಾನ ನಿಂತಿರುವುದು ಹೆಸರುಗಳ ಮೇಲೆ. ಸಾಹಿತ್ಯ ಸಂಘಕ್ಕೂ ಹಕ್ಕಿಹುಳುಗಳಿಗೂ ಏನು ನಂಟು ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ. ಆರಿದ್ರೆ ಮಳೆಗೆ ಕೆಂಪು ಮಖಮಲ್ಲಿನ ಗುಂಡಿಯಂತೆ ನೆಲದಿಂದೇಳುವ ಇಂದ್ರಗೋಪವನ್ನು ತೆಲುಗು ಮಕ್ಕಳು ಆರುದ್ರ ಪುರುಗು ಎನ್ನುತ್ತಾರೆ. ನಮ್ಮ ಮಕ್ಕಳು ಅದನ್ನು ಎರಡೂ ಹೆಸರಿನಿಂದ ಕರೆಯಬಲ್ಲರು. ಗಡಿಯಲ್ಲಿ ಹುಟ್ಟಿದವರ ಭಾಗ್ಯವದು. ಆದರೆ ಗೀಜಗ, ಕೆಂಬೂತ, ಕಳ್ಳಿಪೀರ, ಟಿಟ್ಟಿಭ, ಪಿಕಳಾರ ಎಂಬ ಹೆಸರುಗಳು ಎರಡು ಭಾಷೆಗಳಲ್ಲೂ ಅವರ ಬಾಯಿಂದ ಜಾರುತ್ತಿವೆ. ಹಕ್ಕಿ ಹೋದರೆ ಹೆಸರು ನಿಘಂಟಿನ ಹೆಣವಾಗುತ್ತದೆ. ಹೆಸರು ಹೋದರೆ ಹಕ್ಕಿ ಹೋದದ್ದೂ ಯಾರಿಗೂ ತಿಳಿಯುವುದಿಲ್ಲ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಸರಿದಾಡಿದರೂ ಹೆಸರುಗಳು ಉಳಿದದ್ದು ಹೊಲದಲ್ಲಿ, ಹಕ್ಕಿ ಕಾಯುವವರ ಬಾಯಲ್ಲಿ.

ಆದ್ದರಿಂದ ಪಕ್ಷಿವೀಕ್ಷಣೆ, ಚಿಟ್ಟೆಗಣತಿ ಎಂದು ನಾವು ಸಂಘದಿಂದ ಹಮ್ಮಿಕೊಳ್ಳುವ ನಡಿಗೆಗಳು ಹೊಲದವನನ್ನು ಬಿಟ್ಟು ನಡೆಯಬಾರದು. ಅವನ ಅಪ್ಪಣೆ ಕೇಳಿ ಬದುವಿಗೆ ಕಾಲಿಡಬೇಕು; ಅವನಿಂದ ಹೆಸರು ಕಲಿಯಬೇಕು; ಅವನ ನಷ್ಟವನ್ನೂ ಹಕ್ಕಿಯ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಬೇಕು. ಕೆರೆಯ ಹೂಳೆತ್ತುವ ದಿನ, ಬೇಸಿಗೆಯ ಉಳುಮೆಯ ದಿನ, ಬೆಂಕಿ ಹಾಕುವ ರಾತ್ರಿ ನಾವೂ ಅಲ್ಲಿರಬೇಕು. ನೋಟದ ಋಣ ತೀರುವುದು ಮೈಯ ದುಡಿಮೆಯಿಂದ.

ಮರುವರ್ಷ ಅದೇ ಹೊಲಕ್ಕೆ ಹೋದಾಗ ನಾವು ಹಾಗೆಯೇ ಮಾಡಿದೆವು. ಒಂದು ಬೆಳಗಿನ ಮಟ್ಟಿಗೆ ಕಾವಲು ನಮ್ಮದೆಂದು ಹೇಳಿ ಆ ಹಿರಿಯನನ್ನು ಅಟ್ಟಣಿಗೆಯಿಂದ ಇಳಿಸಿದೆವು. ಮಕ್ಕಳು ಸರದಿಯಂತೆ ಹತ್ತಿ ಡಬ್ಬ ಬಡಿದರು. ಎದ್ದ ಹಕ್ಕಿಗಳನ್ನು ಎಣಿಸಿದರು. ಬದುವಿನ ಮೇಲೆ ಕುಳಿತ ಅವನು, ಯುಗಾದಿ ಕಳೆದ ಮೇಲೆ ಇವು ಎಲ್ಲಿಗೆ ಹೋಗುತ್ತವೆಂದು ಕೇಳಿದ. ನಾವು ಮಧ್ಯ ಏಷ್ಯದ ಹುಲ್ಲುಗಾವಲಿನ ಕಥೆಯನ್ನೂ ಕಲ್ಲಿನ ಗೂಡುಗಳ ಕಥೆಯನ್ನೂ ಹೇಳಿದೆವು. ಅವನು ಬಹಳ ಹೊತ್ತು ಹಿಂಡನ್ನೇ ನೋಡಿದ.

"ಹಂಗಾದ್ರೆ ಅಲ್ಲೂ ಯಾರೋ ಇವಕ್ಕೆ ಕಾಯ್ತಿರಬೇಕು" ಎಂದ.