ಅನ್ನದ ಒಡೆಯ ಯಾರು?

ಸೇಡಂ ತಾಲ್ಲೂಕಿನ ಮುಧೋಳದಂಥ ಊರಿನಿಂದ ಕಲಬುರ್ಗಿಗೆ ಓದಲು ಬರುವ ಹುಡುಗನಿಗೆ ಪಾಠಕ್ಕಿಂತ ಮೊದಲು ಎದುರಾಗುವುದು ಕೋಣೆಯ ಚಿಂತೆ, ಊಟದ ಚಿಂತೆ. ೧೯೮೦ರಲ್ಲಿ ಅಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿತು. ೨೦೧೮ರಲ್ಲಿ ಖಾಜಾ ಬಂದಾನವಾಜರ ಹೆಸರಿನ ಇನ್ನೊಂದು ಬಂದಿತು. ಪ್ರಶ್ನೆ ಮಾತ್ರ ಹಳೆಯದೇ: ಕಲಿಯಲು ಬಂದವನಿಗೆ ಬಡಿಸುವ ಅನ್ನ ನಾವು ತೋರುವ ದಯೆಯೋ, ಅವನಿಗೆ ಸಲ್ಲಬೇಕಾದ ಬಾಕಿಯೋ?

ನೆರೆಯ ಬೀದರಿನಲ್ಲಿ ಇದಕ್ಕೊಂದು ಉತ್ತರ ಕಲ್ಲಿನಲ್ಲಿ ನಿಂತಿದೆ. ಬಹಮನಿ ಮಂತ್ರಿ ಮಹಮೂದ್ ಗಾವಾನನು ೧೪೭೨ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾದಲ್ಲಿ ಪಾಠದ ಅಂಗಳಗಳ ಜೊತೆಗೆ ಮಸೀದಿಯಿತ್ತು, ಗ್ರಂಥಭಂಡಾರವಿತ್ತು, ಗುರುಗಳಿಗೂ ಶಿಷ್ಯರಿಗೂ ವಾಸದ ಕೋಣೆಗಳಿದ್ದವು. ಶಿಷ್ಯರಿಗೆ ಊಟ ವಸತಿ ಉಚಿತ. ಅಂದರೆ ಬಿಡಾರವು ವಿದ್ಯೆಗೆ ಹೊರಗಿನಿಂದ ಅಂಟಿಸಿದ ಉಪಕಾರವಲ್ಲ, ವಿದ್ಯೆಯ ಒಂದು ಅಂಗ. ೧೬೯೬ರ ಸ್ಫೋಟದಲ್ಲಿ ಕಟ್ಟಡ ಬಹಳಷ್ಟು ಹಾಳಾದರೂ ಒಂದು ಮಿನಾರು ಇಂದಿಗೂ ತಲೆಯೆತ್ತಿ ನಿಂತಿದೆ.

ಇದರ ಹಿಂದಿನ ಭಾವನೆಗೆ ಇಸ್ಲಾಮಿನಲ್ಲಿ ಅಮಾನತ್ ಎಂದು ಹೆಸರು. ನಮ್ಮ ಕಚೇರಿಗಳಲ್ಲಿ ಆ ಮಾತು ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ಸಲ್ಲುತ್ತಿದೆಯಷ್ಟೆ. ಮೂಲದಲ್ಲಿ ಅದರ ಅರ್ಥ, ನಂಬಿ ಒಪ್ಪಿಸಿದ ವಸ್ತು. ವಕ್ಫಿನ ತತ್ತ್ವವೂ ಇದೇ. ಆಸ್ತಿಯನ್ನು ದೇವರ ಹೆಸರಿಗೆ ಬಿಟ್ಟ ಮೇಲೆ ಕೊಟ್ಟವನು ಅದರ ಒಡೆಯನಲ್ಲ. ನೋಡಿಕೊಳ್ಳುವ ಮುತವಲ್ಲಿಯೂ ಒಡೆಯನಲ್ಲ. ಕಲ್ಯಾಣದ ಶರಣರ ದಾಸೋಹದ ಭಾವವೂ ಇದಕ್ಕೆ ದೂರವಿಲ್ಲ. ಗಾವಾನನು ಅಷ್ಟು ದೊಡ್ಡ ಮಂತ್ರಿಯಾಗಿದ್ದೂ ತನ್ನ ಊಟದ ಖರ್ಚನ್ನು ಸ್ವಂತ ವ್ಯಾಪಾರದ ಗಳಿಕೆಯಿಂದಲೇ ನಡೆಸುತ್ತಿದ್ದನೆಂದು ಚರಿತ್ರಕಾರ ಫೆರಿಷ್ತಾ ಹೇಳುತ್ತಾನೆ. ೧೪೮೧ರಲ್ಲಿ ಸುಲ್ತಾನನ ಆಜ್ಞೆಯಂತೆ ಅವನ ತಲೆ ಹೋಯಿತು; ಅವನು ಕೂಡಿಟ್ಟಿರಬಹುದೆಂದು ಬಗೆದ ಸಂಪತ್ತು ಮಾತ್ರ ಮನೆಯಲ್ಲಿ ದೊರೆಯಲಿಲ್ಲವಂತೆ.

ಋಣದ ಭಾರವಿಲ್ಲದಿದ್ದರೆ ಹುಡುಗರು ಉಡಾಫೆಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಸಂದೇಹವೇ. ಆದರೆ ಅಮಾನತ್ ಎರಡು ಕಡೆಗೂ ಕಟ್ಟುವ ಗಂಟು. ಮೇಲ್ವಿಚಾರಕನ ಕೈಯಲ್ಲಿ ಅಕ್ಕಿ ಬೇಳೆ ಅಮಾನತ್ತಾದರೆ, ವಿದ್ಯಾರ್ಥಿಯ ಕೈಯಲ್ಲಿ ಅವನ ಕಾಲವೂ ಅಮಾನತ್ತೇ. ಹುಡುಗ ಉತ್ತರ ಹೇಳಬೇಕಾದದ್ದು ಬಡಿಸಿದವನಿಗಲ್ಲ, ತನ್ನ ಓದಿಗೆ.

ವಿದ್ಯಾರ್ಥಿವೇತನದ ಕಿಟಕಿಯಲ್ಲಿ ಕುಳಿತವನು ಹಣವನ್ನು ತನ್ನ ಜೇಬಿನಿಂದಲೇ ತೆಗೆದುಕೊಡುವಂತೆ ಮುಖ ಗಂಟಿಕ್ಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಣ ಕೊನೆಗೆ ಸಿಕ್ಕೀತು. ಆದರೆ ಅಷ್ಟರಲ್ಲಿ ಹುಡುಗ ಬಾಗುವುದನ್ನು ಕಲಿತಿರುತ್ತಾನೆ. ಯಾವ ವಿಶ್ವವಿದ್ಯಾಲಯವೂ ಕಲಿಸಬಾರದ ಪಾಠವೆಂದರೆ ಅದೊಂದೇ.