ತಪ್ಪಿದ ಪೆನಾಲ್ಟಿ ಯಾರ ತಪ್ಪು?

2023ರ ಮಾರ್ಚ್ 18ರ ರಾತ್ರಿ ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಸೋತಿತು. 120 ನಿಮಿಷ ಮುಗಿದಾಗ ಎಟಿಕೆ ಮೋಹನ್ ಬಾಗನ್ ಜೊತೆ 2–2 ಸಮ. ಪೆನಾಲ್ಟಿ ಶೂಟೌಟ್‌ನಲ್ಲಿ 4–3. ಬೆಂಗಳೂರಿನ ಐದನೆಯ ಕಿಕ್ ಹೊಡೆಯಲು ಬಂದ ಪ್ಯಾಬ್ಲೊ ಪೆರೆಸ್ ಒದ್ದ ಚೆಂಡು ಕ್ರಾಸ್‌ಬಾರ್ ಮೇಲಿಂದ ಹಾರಿಹೋಯಿತು. ಉತ್ತರ ಬೆಂಗಳೂರಿನ ನಮ್ಮ ಸಿಂಗಾಪುರದಲ್ಲಿ ಫುಟ್‌ಬಾಲ್ ನೋಡುವವರು ಕ್ರಿಕೆಟ್ ನೋಡುವವರಷ್ಟಿಲ್ಲ. ಇರುವ ನಾಲ್ಕಾರು ಜನ ಟೀ ಅಂಗಡಿ ಮುಂದೆ ಸೇರಿದಾಗಲೆಲ್ಲ ಒಂದೇ ತೀರ್ಪು: ‘ಪೆರೆಸ್ ಕಪ್ ಕಳೆದುಬಿಟ್ಟ.’ ಈ ಮಾತು ಎಷ್ಟು ನಿಜ ಎಂಬುದು ಆಟದ ಪ್ರಶ್ನೆಯಂತೆ ಕಂಡರೂ ನನಗದು ನ್ಯಾಯದ ಪ್ರಶ್ನೆಯಾಗಿ ಕಾಡುತ್ತ ಬಂದಿದೆ.

ಮೊದಲು ಲೆಕ್ಕ ನೋಡೋಣ. ಬೆಂಗಳೂರಿನ ಪರ ಅಲನ್ ಕೋಸ್ಟಾ, ರಾಯ್ ಕೃಷ್ಣ, ಸುನಿಲ್ ಚೆಟ್ರಿ ಗೋಲು ಹೊಡೆದರು. ಬ್ರೂನೊ ರಮಿರೆಸ್ ಒದ್ದದ್ದನ್ನು ವಿಶಾಲ್ ಕೈತ್ ತಡೆದರು. ಮೋಹನ್ ಬಾಗನ್ ನಾಲ್ಕಕ್ಕೆ ನಾಲ್ಕು ಹೊಡೆದಿತ್ತು. ಪೆರೆಸ್ ಬರುವಾಗಲೇ ತಂಡ 3–4ರಿಂದ ಹಿಂದಿತ್ತು. ಅವರು ಗೋಲು ಹೊಡೆದಿದ್ದರೂ ಕಪ್ ಸಿಗುತ್ತಿರಲಿಲ್ಲ, 4–4 ಆಗುತ್ತಿತ್ತು ಅಷ್ಟೆ. ಮೋಹನ್ ಬಾಗನ್‌ಗೆ ಇನ್ನೊಂದು ಕಿಕ್ ಬಾಕಿ ಇತ್ತು. ಅಂದರೆ ಪೆರೆಸ್ ಕಳೆದುಕೊಂಡದ್ದು ಕಪ್ಪನ್ನಲ್ಲ, ಸೋಲನ್ನು ಇನ್ನೊಂದು ಕಿಕ್‌ವರೆಗೆ ಮುಂದೂಡುವ ಅವಕಾಶವನ್ನು.

ಇನ್ನೊಂದು ಲೆಕ್ಕವಿದೆ. ಒಳ್ಳೆಯ ಆಟಗಾರರು ಒದ್ದ ಪೆನಾಲ್ಟಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಗೋಲಾಗುತ್ತವೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಐದಕ್ಕೆ ಐದೂ ಗೋಲಾಗುವ ಸಂಭವ ನೂರಕ್ಕೆ 24ರಷ್ಟು ಮಾತ್ರ. ಐವರನ್ನು ಕಳಿಸಿದರೆ ಅವರಲ್ಲಿ ಒಬ್ಬರಾದರೂ ತಪ್ಪುವುದು ಹೆಚ್ಚುಕಡಿಮೆ ನಿರೀಕ್ಷಿತ. ಅದು ಯಾರು ಎಂಬುದಷ್ಟೇ ಚೀಟಿ ಎತ್ತಿದ ಹಾಗೆ. ತಂಡಕ್ಕೆ ಬಂದೇ ಬರುವ ಒಂದು ನಷ್ಟವನ್ನು ನಾವು ಒಬ್ಬನ ಹೆಸರಿಗೆ ಬರೆದುಬಿಡುತ್ತೇವೆ.

ಆ ಕಿಕ್‌ನ ತಂತ್ರವನ್ನೂ ನೋಡಬೇಕು. ಗೋಲ್‌ಪೋಸ್ಟ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಚೆಂಡು ಇರುವುದು ಸುಮಾರು 11 ಮೀಟರ್ ದೂರದಲ್ಲಿ. ಜೋರಾಗಿ ಒದ್ದ ಚೆಂಡು ಅರ್ಧ ಸೆಕೆಂಡಿನೊಳಗೆ ಗೆರೆ ಮುಟ್ಟುತ್ತದೆ, ಆದ್ದರಿಂದ ಗೋಲ್‌ಕೀಪರ್ ಬಹುಪಾಲು ಊಹೆಯ ಮೇಲೆಯೇ ಹಾರಬೇಕು. ನೆಲಮಟ್ಟದ ಚೆಂಡು ಹೊರಹೋಗುವುದು ಅಪರೂಪ, ಆದರೆ ಕೀಪರ್ ಸರಿಯಾದ ಕಡೆ ಹಾರಿದರೆ ಸಿಕ್ಕಿಬೀಳುತ್ತದೆ. ಮೇಲಿನ ಮೂಲೆಗೆ ಹೋದದ್ದನ್ನು ತಡೆಯುವುದು ಬಲುಕಷ್ಟ, ಆದರೆ ಒಂದು ಗೇಣು ಹೆಚ್ಚಾದರೆ ಆಕಾಶಕ್ಕೆ. ಎರಡೂ ಬುದ್ಧಿವಂತರು ಮಾಡುವ ಆಯ್ಕೆಗಳೇ. ಗೇಣು ಕೆಳಗಾದರೆ ‘ಎಂಥ ಧೈರ್ಯ’ ಎನ್ನುತ್ತೇವೆ, ಗೇಣು ಮೇಲಾದರೆ ‘ಎಂಥ ಅವಿವೇಕ’ ಎನ್ನುತ್ತೇವೆ. ಚೆಂಡು ಎಲ್ಲಿಗೆ ಹೋಯಿತು ಎಂಬುದನ್ನು ನೋಡಿಕೊಂಡು ಒದ್ದವನ ಗುಣವನ್ನು ಅಳೆಯುವುದು ಇದೇ. ಬ್ರೂನೊ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅವರು ‘ತಪ್ಪಿದರು’ ಎನ್ನುತ್ತೇವೆ. ನಡೆದದ್ದು ಕೈತ್ ಚೆನ್ನಾಗಿ ಹಿಡಿದದ್ದು. ಎದುರಾಳಿಯ ಸಾಮರ್ಥ್ಯವನ್ನೂ ನಮ್ಮವನ ದೋಷದ ಖಾತೆಗೇ ಹಾಕುತ್ತೇವೆ.

ನಿಜವಾಗಿ ಅವಕಾಶ ತಪ್ಪಿದ್ದು ಎಲ್ಲಿ ಎಂದು ಕೇಳಿದರೆ ನಾನು ಬೆರಳಿಡುವುದು ಬೇರೆ ಕಡೆ. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಬೆಂಗಳೂರನ್ನು 2–1ಕ್ಕೆ ಮುಂದೆ ತಂದರು. 85ನೇ ನಿಮಿಷದಲ್ಲಿ ದಿಮಿತ್ರಿ ಪೆಟ್ರಾಟೋಸ್ ಪೆನಾಲ್ಟಿಯಿಂದ ಸಮ ಮಾಡಿದರು. ಫೈನಲ್‌ನಲ್ಲಿ ಮುಂದಿರುವ ತಂಡ ಕೊನೆಯ ಹತ್ತು ನಿಮಿಷ ಮಾಡಬೇಕಾದ ಕೆಲಸ ಒಂದೇ: ಚೆಂಡನ್ನು ತನ್ನ ಪೆನಾಲ್ಟಿ ಪ್ರದೇಶದಿಂದ ದೂರ ಇಡುವುದು. ಅದು ಹನ್ನೊಂದು ಜನರ ಕೆಲಸ. ಆ ಏಳು ನಿಮಿಷಗಳಲ್ಲಿ ಅದು ಕೈಗೂಡಲಿಲ್ಲ. ಆದರೆ ಏಳು ನಿಮಿಷಕ್ಕೆ ಮುಖವಿಲ್ಲ, ಪೆನಾಲ್ಟಿಗೆ ಮುಖವಿದೆ. ಒಬ್ಬನೇ ನಡೆದುಬರುತ್ತಾನೆ, ಕ್ಯಾಮೆರಾ ಅವನ ಮೇಲಿರುತ್ತದೆ. ನಮ್ಮ ಸಿಟ್ಟಿಗೆ ಮುಖ ಬೇಕು.

ಇದು ಬೆಂಗಳೂರಿನ ಕಾಯಿಲೆಯಷ್ಟೇ ಅಲ್ಲ. 1994ರ ಜುಲೈ 17ರಂದು ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ರಾಬರ್ಟೊ ಬಾಜ್ಜೊ ಒದ್ದ ಚೆಂಡೂ ಹೀಗೇ ಮೇಲೆ ಹೋಯಿತು. ಅವರಿಗಿಂತ ಮೊದಲು ಬರೇಸಿ ಮತ್ತು ಮಸಾರೊ ಕೂಡ ವಿಫಲರಾಗಿದ್ದರು. ಬಾಜ್ಜೊ ಹೊಡೆದಿದ್ದರೂ 3–3 ಆಗಿ ಬ್ರೆಜಿಲ್‌ಗೆ ಒಂದು ಕಿಕ್ ಉಳಿಯುತ್ತಿತ್ತು. ನಾಕೌಟ್ ಹಂತದಲ್ಲಿ ಐದು ಗೋಲು ಹೊಡೆದು ಇಟಲಿಯನ್ನು ಫೈನಲ್‌ಗೆ ತಂದವರೇ ಅವರು. ಆದರೂ ಜಗತ್ತಿನ ನೆನಪಿನಲ್ಲಿ ಉಳಿದದ್ದು ತಲೆ ತಗ್ಗಿಸಿ ನಿಂತ ಬಾಜ್ಜೊ. ಕೊನೆಯಲ್ಲಿ ಬಂದವನು ಎಲ್ಲರ ಸಾಲವನ್ನೂ ತೀರಿಸಬೇಕಾಗುತ್ತದೆ.

ಈಗ ಲೆಕ್ಕದ ಪುಸ್ತಕದ ಇನ್ನೊಂದು ಪುಟ. ಬೆಂಗಳೂರು ಆ ಫೈನಲ್‌ಗೆ ಬಂದದ್ದು ಹೇಗೆ? ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿ ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಚೆಟ್ರಿ ಫ್ರೀಕಿಕ್ ಒದ್ದರು. ರೆಫರಿ ಗೋಲು ಕೊಟ್ಟರು, ಕೇರಳದವರು ಮೈದಾನ ಬಿಟ್ಟು ನಡೆದರು, ಗೆಲುವು ನಮ್ಮದಾಯಿತು. ಮಾರ್ಚ್ 12ರಂದು ಅದೇ ಮೈದಾನದಲ್ಲಿ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್ ಶೂಟೌಟ್ 9–8ರವರೆಗೆ ಹೋಯಿತು. ಮೆಹ್ತಾಬ್ ಸಿಂಗ್ ಒದ್ದದ್ದನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು, ಸಂದೇಶ್ ಜಿಂಗನ್ ಗೆಲುವಿನ ಗೋಲು ಹೊಡೆದರು. ಆ ರಾತ್ರಿ ಇದು ಬರೀ ಅದೃಷ್ಟ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ. ಕೆಚ್ಚು ಎಂದೆವು. ಆರು ದಿನ ಕಳೆದು ಅದೇ ಚೀಟಿ ಎದುರಾಳಿಗೆ ಬಿದ್ದಾಗ ಮಾತ್ರ ‘ಅಪರಾಧಿ’ ಬೇಕಾದ. ಗೆದ್ದಾಗ ಗುಣ, ಸೋತಾಗ ದೋಷ ಎನ್ನುವ ತಕ್ಕಡಿ ತಕ್ಕಡಿಯೇ ಅಲ್ಲ.

ಹಾಗಾದರೆ ಎಲ್ಲವೂ ಅದೃಷ್ಟ, ಯಾರಿಗೂ ಹೊಣೆಯಿಲ್ಲ ಎನ್ನಬೇಕೇ? ನಾನು ಹಾಗೆನ್ನುವುದಿಲ್ಲ. ಯಾವುದೇ ಕೆಲಸದಲ್ಲಿ ಮೂರು ಎಳೆಗಳಿರುತ್ತವೆ: ತೀರ್ಮಾನ, ಕೈಚಳಕ, ಆಕಸ್ಮಿಕ. ಅಭ್ಯಾಸ ಮಾಡದೆ ಬಂದಿದ್ದರೆ, ಉಡಾಫೆಯಿಂದ ಒದ್ದಿದ್ದರೆ, ಅದು ತೀರ್ಮಾನದ ತಪ್ಪು. ಅದನ್ನು ದೂರಬಹುದು, ದೂರಲೇಬೇಕು. ಗುರಿ ಸರಿಯಿದ್ದು ಕಾಲು ಒಂದಿಷ್ಟು ತಪ್ಪಿದರೆ ಅದು ಕೌಶಲದ ಮಿತಿ. ಅದಕ್ಕೆ ಮರುಕವೋ ತರಬೇತಿಯೋ ಸಲ್ಲುತ್ತದೆ, ನಿಂದೆಯಲ್ಲ. ಆಕಸ್ಮಿಕಕ್ಕೆ ಎರಡೂ ಸಲ್ಲುವುದಿಲ್ಲ. ದೂರುವ ಮೊದಲು ಯಾವ ಎಳೆ ಕಡಿಯಿತು ಎಂದು ನೋಡುವ ತಾಳ್ಮೆ ನಮಗಿರಬೇಕು.

ಗೀತೆಯ ಕರ್ಮ-ಫಲದ ಮಾತನ್ನು ಇಂಥ ಹೊತ್ತಿನಲ್ಲಿ ಎಲ್ಲರೂ ನೆನೆಯುತ್ತಾರೆ. ಆದರೆ ಆ ಮಾತು ಹೇಳಿದ್ದು ಮಾಡುವವನಿಗೆ. ನೋಡುತ್ತ ಕೂತವರು ಅದನ್ನು ತಲೆಕೆಳಗು ಮಾಡಿದ್ದೇವೆ. ಕರ್ಮವನ್ನು ಕಡೆಗಣಿಸಿ ಫಲವೊಂದನ್ನೇ ಎಣಿಸುತ್ತೇವೆ. ಪಿಯುಸಿ, ಸಿಇಟಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ. ಎರಡು ಅಂಕ ಮೇಲಾದ ಹುಡುಗಿ ಜಾಣೆ, ಎರಡು ಅಂಕ ಕಡಿಮೆಯಾದವಳು ಸೋಮಾರಿ. ಇಬ್ಬರೂ ಒಂದೇ ದೀಪದ ಕೆಳಗೆ ಒಂದೇ ಹೊತ್ತಿನವರೆಗೆ ಓದಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ತ್ವಜ್ಞಾನಿಗಳು ‘ನೈತಿಕ ಅದೃಷ್ಟ’ ಎಂಬ ವಿಷಯದ ಮೇಲೆ ಎದುರುಬದುರಾಗಿ ಬರೆದರು. ವಿಲಿಯಮ್ಸ್ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ಅವನ ತಪ್ಪೇನೂ ಇಲ್ಲದೆ ಮಗುವೊಂದು ಅವನ ಲಾರಿಗೆ ಸಿಕ್ಕಿ ಸಾಯುತ್ತದೆ. ದಾರಿಯಲ್ಲಿದ್ದವರು ಮರುಗುತ್ತಾರೆ. ಚಾಲಕನ ಸಂಕಟ ಅವರದರಂಥದ್ದಲ್ಲ, ಅದು ತನ್ನ ಕೈಯಿಂದ ಆದದ್ದರ ಸಂಕಟ. ‘ನಿನ್ನದೇನೂ ತಪ್ಪಿಲ್ಲ’ ಎಂದು ನಾವು ಅವನಿಗೆ ಹೇಳಬೇಕು. ಅವನು ತಕ್ಷಣ ‘ಹೌದು, ನನ್ನದೇನಿಲ್ಲ’ ಎಂದು ಕೈತೊಳೆದುಕೊಂಡರೆ ಮಾತ್ರ ನಮಗೆ ಅವನ ಬಗ್ಗೆ ಏನೋ ಕಸಿವಿಸಿ. ನನಗೆ ಬೇಕಾದ ಉತ್ತರ ಇಲ್ಲಿದೆ. ತಪ್ಪಿಸಿಕೊಂಡವನಿಗೆ ನೋವಾಗುವುದು ಸರಿ, ಆದರೆ ಆ ನೋವು ಅವನದು. ಅದನ್ನು ಹೊರಗಿನಿಂದ ನಿಂದೆಯಾಗಿ ವಸೂಲು ಮಾಡುವ ಹಕ್ಕು ನಮಗಿಲ್ಲ.

ಆ ವಸೂಲಿ ಎಲ್ಲಿಗೆ ಮುಟ್ಟುತ್ತದೆ ಎಂಬುದೂ ಗೊತ್ತಿರುವುದೇ. 1994ರಲ್ಲೇ ಸ್ವಂತ ಗೋಲಿಗೆ ಚೆಂಡು ಹೊಡೆದ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಹತ್ತೇ ದಿನಗಳಲ್ಲಿ ತನ್ನ ಊರಿನಲ್ಲಿ ಗುಂಡಿಗೆ ಬಲಿಯಾದರು. ಪೆರೆಸ್ ಕೂಡ ಅಭಿಮಾನಿಗಳ ಉನ್ಮಾದ ಕಂಡವರೇ. 2018ರ ನವೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬೋಕಾ ಜೂನಿಯರ್ಸ್ ತಂಡದ ನಾಯಕರಾಗಿ ಫೈನಲ್‌ಗೆ ಹೋಗುತ್ತಿದ್ದಾಗ ಎದುರಾಳಿ ಬೆಂಬಲಿಗರು ಬಸ್ಸಿಗೆ ಕಲ್ಲು ತೂರಿದರು. ಒಡೆದ ಗಾಜಿನಿಂದ ಅವರ ಕಣ್ಣಿಗೆ ಗಾಯವಾಯಿತು.

ನಮ್ಮ ಟೀ ಅಂಗಡಿಯ ಮಾತು ಕಲ್ಲಲ್ಲ, ನಿಜ. ಆದರೆ ಎರಡೂ ಹುಟ್ಟುವುದು ಒಂದೇ ನಂಬಿಕೆಯಿಂದ: ನನಗೆ ನೋವಾಗಿದೆ, ಆದ್ದರಿಂದ ಯಾರೋ ತಪ್ಪು ಮಾಡಿರಲೇಬೇಕು. ಎಷ್ಟೋ ನೋವುಗಳಿಗೆ ತಪ್ಪಿತಸ್ಥರೇ ಇರುವುದಿಲ್ಲ. ಐದನೆಯ ಕಿಕ್‌ಗೆ ಒಬ್ಬರು ಮುಂದೆ ಬರಲೇಬೇಕಿತ್ತು, ಬಂದವರು ಪೆರೆಸ್.